ಎರಡು ಮೀಟರ್ ದೂರದಿಂದ ಮೊದಲ ಪ್ರಶ್ನೆ

ಕೊರೊನಾ ಕಾಲದಲ್ಲಿ ಹಿಮದ ಇಳಿಜಾರಿನ ರಕ್ಷಕರು ತಮ್ಮ ಧಾವಂತಕ್ಕೆ ಕಡಿವಾಣ ಹಾಕಿಕೊಂಡ ಬಗೆ

ಸ್ಕೀ ಆಡುತ್ತಾ ಬಿದ್ದು ಕಾಲು ಮುರಿದುಕೊಂಡವರ ಬಳಿಗೆ ಮೊದಲು ಬರುವವರು ಸ್ಕೀ ಪೆಟ್ರೋಲರ್‌ಗಳು. 1936ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಚಾರ್ಲ್ಸ್ ಮೈನಟ್ ಡೋಲ್ ಪಾದದ ಕೀಲು ಮುರಿದುಕೊಂಡು, ನೆರವಿಗಾಗಿ ಹಿಮದಲ್ಲೇ ಕಾಯಬೇಕಾಯಿತು. ಅದೇ ವರ್ಷ ಅವರ ಗೆಳೆಯನೊಬ್ಬ ಸ್ಕೀ ಸ್ಪರ್ಧೆಯಲ್ಲಿ ಗಾಯಗೊಂಡು ತೀರಿಕೊಂಡ. ಡೋಲ್ 1938ರಲ್ಲಿ ನ್ಯಾಷನಲ್ ಸ್ಕೀ ಪೆಟ್ರೋಲ್ ಕಟ್ಟಿದರು. ಗಾಯಾಳುವನ್ನು ಬೇಗ ತಲುಪುವುದೇ ಈ ಕೆಲಸದ ಜೀವಾಳ.

2020ರಲ್ಲಿ ಆ ಧಾವಂತವೇ ಅಪಾಯವಾಯಿತು. ಆಸ್ಟ್ರಿಯಾದ ಸ್ಕೀ ಊರು ಇಷ್ಗ್ಲ್‌ನ ಬಾರ್ ನೌಕರರೊಬ್ಬರಿಗೆ ಮಾರ್ಚ್ ಮೊದಲ ವಾರ ಸೋಂಕು ದೃಢಪಟ್ಟಿತು. 13ರಂದು ಇಡೀ ಕಣಿವೆಗೆ ದಿಗ್ಬಂಧನ ಬೀಳುವ ಹೊತ್ತಿಗೆ ಪ್ರವಾಸಿಗರು ವೈರಾಣುವನ್ನು ಹಲವು ದೇಶಗಳಿಗೆ ಒಯ್ದಿದ್ದರು. ಮರುದಿನ ಕೊಲರಾಡೊ ರಾಜ್ಯವೂ ಸ್ಕೀ ತಾಣಗಳನ್ನು ಮುಚ್ಚಿಸಿತು. ಮುಂದಿನ ಚಳಿಗಾಲಕ್ಕೆ ಲಿಫ್ಟ್‌ಗಳು ಮತ್ತೆ ಓಡಿದಾಗ ಪೆಟ್ರೋಲರ್‌ಗಳ ಪಾಠ ಬದಲಾಗಿತ್ತು.

ಮೊದಲು ಮಾತು, ಆಮೇಲೆ ಸ್ಪರ್ಶ

ಎರಡು ಮೀಟರ್ ದೂರದಲ್ಲೇ ನಿಂತು ಕೇಳಬೇಕಿತ್ತು: ಜ್ವರವಿದೆಯೇ? ಕೆಮ್ಮು? ಸೋಂಕಿತರ ಸಂಪರ್ಕ? ಗಾಯಾಳು ಮಾಸ್ಕ್ ಧರಿಸಬೇಕಿತ್ತು. ಹತ್ತಿರ ಹೋಗುವವರು ಸಾಧ್ಯವಾದಷ್ಟೂ ಒಬ್ಬರೇ. ಉಳಿದವರು ದೂರದಿಂದಲೇ ಸಾಮಾನು ಒದಗಿಸಬೇಕಿತ್ತು. ರಕ್ಷಕರಿಗೆ ಎನ್95 ಮಾಸ್ಕ್, ಕಣ್ಣಿಗೆ ರಕ್ಷಣೆ, ನೈಟ್ರೈಲ್ ಕೈಗವಸು.

ಕಾಗದದ ಮೇಲೆ ಇದೆಲ್ಲ ಸುಲಭ. ಮೈನಸ್ ಹತ್ತು ಡಿಗ್ರಿಯಲ್ಲಿ ಉಸಿರಿನ ತೇವಕ್ಕೆ ಮಾಸ್ಕ್ ನೆನೆದು ಹೆಪ್ಪುಗಟ್ಟುತ್ತದೆ, ಗಾಗಲ್ಸ್ ಮಂಜಾಗುತ್ತದೆ. ಹೀಗಾಗಿ ಒಣ ಮಾಸ್ಕ್‌ಗಳನ್ನು ಜೊತೆಗೇ ಇಟ್ಟುಕೊಳ್ಳಬೇಕಿತ್ತು. ಎತ್ತರದ ಕಾಯಿಲೆಯೂ ತಲೆನೋವು, ಏದುಸಿರಿನ ರೂಪದಲ್ಲೇ ಬರುವುದರಿಂದ ಬರೀ ಲಕ್ಷಣ ನಂಬಿ ಸೋಂಕೆಂದು ತೀರ್ಮಾನಿಸುವಂತಿರಲಿಲ್ಲ.

ಉಸಿರೇ ನಿಂತಾಗ

ಕಠಿಣ ಪರೀಕ್ಷೆ ಹಿಮಕುಸಿತದ್ದು. ಹೃದಯ ಸ್ತಂಭನವಾದ ವಯಸ್ಕರಿಗೆ ಬಾಯಿಯಿಂದ ಉಸಿರು ಕೊಡದೆ ಎದೆ ಒತ್ತಿದರೂ ಸಾಕೆಂದು ಸಾಮಾನ್ಯ ಜನರಿಗೆ ಹೇಳಬಹುದು. ಆದರೆ ಹಿಮದಡಿ ಹೂತವರಲ್ಲಿ ಹೆಚ್ಚಿನವರು ಸಾಯುವುದು ಉಸಿರುಗಟ್ಟಿ. ಅವರಿಗೆ ಗಾಳಿಯೇ ಮದ್ದು. ಅದಕ್ಕೆಂದೇ ವೈರಾಣು ತಡೆಯುವ ಫಿಲ್ಟರ್ ಅಳವಡಿಸಿದ ಕೈಪಂಪಿನಂಥ ಬ್ಯಾಗ್-ಮಾಸ್ಕ್ ಬೇಕಿತ್ತು. ಮುಖಕ್ಕೆ ಅದನ್ನು ಒಬ್ಬರು ಎರಡೂ ಕೈಯಿಂದ ಬಿಗಿಯಾಗಿ ಒತ್ತಿ ಹಿಡಿದು, ಇನ್ನೊಬ್ಬರು ಬ್ಯಾಗ್ ಅದುಮಿದರೆ ಸೋರಿಕೆ ಕಡಿಮೆ. ‘ಹತ್ತಿರ ಒಬ್ಬರೇ’ ಎಂಬ ನಿಯಮ ಇಲ್ಲಿ ತಾನಾಗಿಯೇ ಸಡಿಲಾಗುತ್ತಿತ್ತು.

ಗಾಯಾಳುವನ್ನು ಇಳಿಸಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಟೊಬೊಗನ್ ಎಂಬ ಜಾರುಬಂಡಿ, ಪಟ್ಟಿ, ಸ್ಪ್ಲಿಂಟ್ ಎಲ್ಲವನ್ನೂ ಸೋಂಕುಮುಕ್ತಗೊಳಿಸಬೇಕಿತ್ತು; ಕಂಬಳಿ ಒಗೆತಕ್ಕೆ ಹೋಗಬೇಕಿತ್ತು.

ಇಷ್ಟಾಗಿಯೂ ಬಯಲ ಗಾಳಿಯಲ್ಲಿ ಮಲಗಿದ ಗಾಯಾಳುವಿಗಿಂತ ದೊಡ್ಡ ಅಪಾಯ ಪೆಟ್ರೋಲರ್‌ಗಳ ಮುಚ್ಚಿದ ಗುಡಿಸಲಿನಲ್ಲೇ ಇತ್ತು. ಅಲ್ಲಿ ಮಾಸ್ಕ್ ತೆಗೆದು ಒಟ್ಟಿಗೆ ಊಟ ಮಾಡಿದರೆ ಒಬ್ಬರ ಸೋಂಕು ಇಡೀ ಪಾಳಿಯನ್ನು ಮನೆಗೆ ಕಳಿಸಬಹುದಿತ್ತು. ಆಗ ಬೆಟ್ಟದಲ್ಲಿ ಬಿದ್ದವರ ಕಾಯುವಿಕೆ ಮತ್ತೆ ಉದ್ದವಾಗುತ್ತಿತ್ತು. ಊಟಕ್ಕೆ ಸರದಿ ಹಾಕಿ ಕಿಟಕಿ ತೆರೆದಿಡುವುದೂ ಪ್ರಥಮ ಚಿಕಿತ್ಸೆಯ ಭಾಗವೇ ಆಗಿತ್ತು.