ಬೆಂಜೀನ್: ಮೂಗಿಗೆ ಹಿತ, ಮಜ್ಜೆಗೆ ಮಾರಕ



ಬೆಂಜೀನ್ ನಿಮಗೆ ಹೊಸತಲ್ಲ. ಆರು ಇಂಗಾಲದ ಪರಮಾಣುಗಳು ಷಡ್ಭುಜಾಕಾರದ ಉಂಗುರವಾಗಿ ನಿಂತಿರುವ ಚಿತ್ರವನ್ನು ರಸಾಯನ ವಿಜ್ಞಾನದ ಪುಸ್ತಕದಲ್ಲಿ ನೀವು ನೋಡಿಯೇ ಇರುತ್ತೀರಿ. 1825ರಲ್ಲಿ ಮೈಕೆಲ್ ಫ್ಯಾರಡೆ, ದೀಪಕ್ಕೆ ಬಳಸುತ್ತಿದ್ದ ಅನಿಲದಿಂದ ಉಳಿಯುವ ಎಣ್ಣೆಯಂಥ ದ್ರವದಿಂದ ಇದನ್ನು ಬೇರ್ಪಡಿಸಿದರು. 1865ರಲ್ಲಿ ಕೆಕುಲೆ ಇದರ ಉಂಗುರ ರಚನೆಯನ್ನು ಸೂಚಿಸಿದರು. ಪರೀಕ್ಷೆಯಲ್ಲಿ ಕೇಳುವುದು ಹೆಚ್ಚುಕಡಿಮೆ ಇಷ್ಟೇ. ಆದರೆ ಈ ದ್ರವದ ಜೊತೆ ದಿನಕ್ಕೆ ಎಂಟು ಗಂಟೆ ಕಳೆಯುವ ಕೆಲಸಗಾರನಿಗೆ ಏನಾಗುತ್ತದೆ? ಈ ಪ್ರಶ್ನೆಗೂ ಉತ್ತರ ತಿಳಿದಿರಬೇಕು. ನಾಳೆ ಆ ಕೆಲಸಗಾರ ನೀವೇ ಆಗಿರಬಹುದು.

ಟರ್ಕಿ ದೇಶದ ಇಸ್ತಾಂಬುಲ್ ನಗರದಲ್ಲಿ ಪಾದರಕ್ಷೆ ತಯಾರಿಸುವ ಸಣ್ಣ ಸಣ್ಣ ಕಾರ್ಯಾಗಾರಗಳಿದ್ದವು. ಚರ್ಮ ಅಂಟಿಸುವ ಅಂಟಿಗೆ ಅಲ್ಲಿ ಮೊದಲು ಪೆಟ್ರೋಲನ್ನು ದ್ರಾವಕವಾಗಿ ಬಳಸುತ್ತಿದ್ದರು. 1955ರಿಂದ 1960ರ ನಡುವೆ ಆ ಜಾಗಕ್ಕೆ ಬೆಂಜೀನ್ ಬಂದಿತು. ಕೋಣೆಗಳು ಕಿರಿದು, ಗಾಳಿಯಾಡುವ ವ್ಯವಸ್ಥೆ ಇಲ್ಲ. ಮುಂದಿನ ವರ್ಷಗಳಲ್ಲಿ ಈ ಕೆಲಸಗಾರರು ತೀವ್ರ ರಕ್ತಹೀನತೆಯಿಂದ ನರಳುತ್ತಿರುವುದನ್ನು ರಕ್ತರೋಗ ತಜ್ಞ ಡಾ. ಮುಜಫ್ಫರ್ ಅಕ್ಸೊಯ್ ಗಮನಿಸಿದರು. 1967ರಿಂದ 1973ರವರೆಗೆ ಸುಮಾರು 28,500 ಕೆಲಸಗಾರರ ಪೈಕಿ 26 ಮಂದಿಯಲ್ಲಿ ತೀವ್ರ ರಕ್ತದ ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿ ಕಂಡುಬಂತೆಂದು ಅವರೂ ಅವರ ಸಹೋದ್ಯೋಗಿಗಳೂ 1974ರಲ್ಲಿ ವರದಿ ಮಾಡಿದರು. ಸಾಮಾನ್ಯ ಜನರಲ್ಲಿ ಕಾಣುವ ಪ್ರಮಾಣಕ್ಕೆ ಇದು ಸುಮಾರು ಎರಡು ಪಟ್ಟು.

ಬೆಂಜೀನ್ ರಕ್ತವನ್ನು ಕೆಡಿಸುತ್ತದೆಂಬುದು ಆ ಹೊತ್ತಿಗೆ ಹೊಸ ಸಂಗತಿಯೂ ಆಗಿರಲಿಲ್ಲ. ಸ್ವೀಡನ್ನಿನ ಒಂದು ಸೈಕಲ್ ಟೈರ್ ಕಾರ್ಖಾನೆಯಲ್ಲಿ ಯುವತಿಯರು ಇದೇ ವಿಷದಿಂದ ಸತ್ತ ಬಗ್ಗೆ ಸಾಂಟೆಸ್ಸನ್ ಎಂಬ ವೈದ್ಯವಿಜ್ಞಾನಿ 1897ರಲ್ಲೇ ಬರೆದಿದ್ದರು. ತಿಳಿವಳಿಕೆ ಇತ್ತು, ಅದು ಅಂಟಿನ ಡಬ್ಬಿಯ ಬಳಿ ಕುಳಿತವರನ್ನು ತಲಪಿರಲಿಲ್ಲ.

ಬೆಂಜೀನ್ ದೇಹದಲ್ಲಿ ಮಾಡುವುದಾದರೂ ಏನು? ಅದು ಮುಖ್ಯವಾಗಿ ಆವಿಯ ರೂಪದಲ್ಲಿ ಉಸಿರಿನ ಮೂಲಕ ಒಳಸೇರುತ್ತದೆ. ದ್ರವ ತಗುಲಿದರೆ ಚರ್ಮದ ಮೂಲಕವೂ ಸ್ವಲ್ಪ ಹೋಗುತ್ತದೆ. ಯಕೃತ್ತು ಅದನ್ನು ಹೊರಹಾಕಲು ಯತ್ನಿಸುವಾಗ ಫೀನಾಲ್, ಹೈಡ್ರೊಕ್ವಿನೋನ್ ಮುಂತಾದ ವಸ್ತುಗಳಾಗಿ ಮಾರ್ಪಡಿಸುತ್ತದೆ. ಇವು ಮೂಳೆಯೊಳಗಿನ ಮಜ್ಜೆಯನ್ನು ಸೇರಿ ಇನ್ನಷ್ಟು ಮಾರ್ಪಟ್ಟು ಅಲ್ಲಿನ ಜೀವಕೋಶಗಳನ್ನು ಘಾಸಿಗೊಳಿಸುತ್ತವೆ. ಮಜ್ಜೆ ನಮ್ಮ ರಕ್ತಕಣಗಳ ತವರು. ಅದು ಸೊರಗಿದರೆ ಕೆಂಪು ಕಣ ಕಡಿಮೆಯಾಗಿ ಆಯಾಸ, ಬಿಳಿ ಕಣ ಕಡಿಮೆಯಾಗಿ ಮತ್ತೆ ಮತ್ತೆ ಸೋಂಕು, ಪ್ಲೇಟ್‌ಲೆಟ್ ಕಡಿಮೆಯಾಗಿ ವಸಡು ಮತ್ತು ಮೂಗಿನಿಂದ ರಕ್ತಸ್ರಾವ ಉಂಟಾಗಬಹುದು. ಕೆಲವರಲ್ಲಿ ಇದು ಲ್ಯುಕೀಮಿಯಕ್ಕೆ, ಅಂದರೆ ರಕ್ತದ ಕ್ಯಾನ್ಸರಿಗೆ ತಿರುಗುತ್ತದೆ. ಇದಕ್ಕೆ ವರ್ಷಗಳೇ ಹಿಡಿಯಬಹುದು. ಆದ್ದರಿಂದಲೇ ‘ಇಷ್ಟು ದಿನ ಏನೂ ಆಗಲಿಲ್ಲವಲ್ಲ’ ಎಂಬ ಮಾತನ್ನು ನಂಬುವಂತಿಲ್ಲ.

ಒಮ್ಮೆಗೇ ಹೆಚ್ಚು ಆವಿ ಸೇವಿಸಿದಾಗ ಆಗುವ ತೊಂದರೆ ಬೇರೆ: ತಲೆನೋವು, ತಲೆಸುತ್ತು, ಅಮಲು, ಕೊನೆಗೆ ಪ್ರಜ್ಞೆ ತಪ್ಪುವುದು. ಮುಚ್ಚಿದ ತೊಟ್ಟಿಯೊಳಗೆ ಇಳಿದವರಿಗೆ ಸಾವೂ ಬರಬಹುದು.

ಗಾಳಿಯಲ್ಲಿ ಎಷ್ಟಿದ್ದರೆ ಹೆಚ್ಚು? ಅಮೆರಿಕದಲ್ಲಿ 1987ರಲ್ಲಿ ಎಂಟು ಗಂಟೆಗಳ ಸರಾಸರಿ ಮಿತಿಯನ್ನು ಹತ್ತು ಲಕ್ಷ ಭಾಗ ಗಾಳಿಗೆ ಒಂದು ಭಾಗ ಬೆಂಜೀನ್ ಎಂದು ನಿಗದಿ ಮಾಡಿದರು. ಇದನ್ನು 1 ಪಿ.ಪಿ.ಎಂ. ಎನ್ನುತ್ತೇವೆ. ಐರೋಪ್ಯ ಒಕ್ಕೂಟ ತನ್ನ ಮಿತಿಯನ್ನು ಹಂತ ಹಂತವಾಗಿ 0.2 ಪಿ.ಪಿ.ಎಂ.ಗೆ ಇಳಿಸಲು 2022ರಲ್ಲಿ ನಿರ್ಧರಿಸಿತು. ಈಗ ನೀವೇ ಒಂದು ಲೆಕ್ಕ ಮಾಡಿ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಗಾತ್ರ 36 ಘನ ಮೀಟರ್. ಅದರಲ್ಲಿ ಒಂದು ಚಮಚೆ, ಅಂದರೆ 5 ಮಿಲಿಲೀಟರ್ ಬೆಂಜೀನ್ ಚೆಲ್ಲಿ ಪೂರ್ತಿ ಆವಿಯಾಯಿತೆನ್ನಿ. ಅದರ ತೂಕ ಸುಮಾರು 4.4 ಗ್ರಾಂ. ಒಂದು ಘನ ಮೀಟರಿಗೆ 122 ಮಿಲಿಗ್ರಾಂ ಆಯಿತು. 1 ಪಿ.ಪಿ.ಎಂ. ಎಂದರೆ ಸುಮಾರು 3.2 ಮಿಲಿಗ್ರಾಂ. ಭಾಗಿಸಿದರೆ 38 ಪಿ.ಪಿ.ಎಂ.! ಒಂದೇ ಚಮಚೆಯಿಂದ ಮಿತಿಯ 38 ಪಟ್ಟು. ಇಸ್ತಾಂಬುಲ್ಲಿನ ಕೋಣೆಗಳಲ್ಲಿ ಅಂಟು ಹಚ್ಚುವಾಗ 210ರಿಂದ 650 ಪಿ.ಪಿ.ಎಂ. ಇತ್ತು.

ವಾಸನೆ ಬಂದಾಗ ಎಚ್ಚರವಾದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಬೆಂಜೀನಿನ ವಾಸನೆ ಸಿಹಿಯಾಗಿ, ಹಿತವಾಗಿಯೇ ಇರುತ್ತದೆ. ಆದರೆ ಅದು ಮೂಗಿಗೆ ತಿಳಿಯುವ ವೇಳೆಗೆ ಮಿತಿ ಸಾಮಾನ್ಯವಾಗಿ ಮೀರಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೂಗು ಆ ವಾಸನೆಗೆ ಒಗ್ಗಿಯೂ ಹೋಗುತ್ತದೆ. ಗಾಳಿಯನ್ನು ಉಪಕರಣದಿಂದ ಅಳೆಯುವುದೊಂದೇ ಸರಿಯಾದ ದಾರಿ.

ಹಾಗೆಂದು ಬೆಂಜೀನನ್ನು ಬಿಟ್ಟುಬಿಡುವಂತಿಲ್ಲ. ಥರ್ಮೋಕೋಲ್, ನೈಲಾನ್, ಮಾರ್ಜಕ, ಬಣ್ಣ ಇವುಗಳ ತಯಾರಿಕೆಯಲ್ಲಿ ಅದು ಮೂಲವಸ್ತು. ನಮ್ಮ ಮಂಗಳೂರಿನಲ್ಲೂ ಅದು ತಯಾರಾಗುತ್ತದೆ. ಆದ್ದರಿಂದ ಸುರಕ್ಷತೆಯ ಕ್ರಮಗಳನ್ನು ಸರಿಯಾದ ಅನುಕ್ರಮದಲ್ಲಿ ತಿಳಿಯಬೇಕು.

ಮೊದಲನೆಯದು ಬದಲಿ. ಬರೀ ದ್ರಾವಕವಾಗಿ ಬಳಸುವ ಕಡೆ ಬೆಂಜೀನ್ ಬೇಕೇ ಇಲ್ಲ. ಟಾಲೀನ್, ಹೆಪ್ಟೇನ್‌ಗಳಿಂದ ಅನೇಕ ಕೆಲಸಗಳು ನಡೆಯುತ್ತವೆ. ಇವೂ ನಿರಪಾಯಕಾರಿಯಲ್ಲ, ಆದರೆ ಮಜ್ಜೆಗೆ ಬೆಂಜೀನಿನಷ್ಟು ಕೇಡು ಮಾಡುವುದಿಲ್ಲ.

ಎರಡನೆಯದು ಮುಚ್ಚಿದ ವ್ಯವಸ್ಥೆ. ದ್ರವ ಕೊಳವೆಗಳಲ್ಲೇ ಹರಿಯಬೇಕು. ತೆರೆದ ಬಕೆಟ್ಟಿನಲ್ಲಿ ಸಾಗಿಸಬಾರದು.

ಮೂರನೆಯದು ಗಾಳಿ. ಬೆಂಜೀನ್ ಆವಿ ಗಾಳಿಗಿಂತ 2.7 ಪಟ್ಟು ಭಾರ; ನೆಲದ ಮೇಲೆ ಹರಡಿಕೊಳ್ಳುತ್ತದೆ. ಛಾವಣಿಯ ಪಂಖ ಸಾಲದು. ಆವಿ ಹುಟ್ಟುವ ಜಾಗದಲ್ಲೇ ಅದನ್ನು ಹೀರಿ ಹೊರಹಾಕಬೇಕು. ಕಾಲೇಜಿನಲ್ಲಾದರೆ ಫ್ಯೂಮ್ ಕಪಾಟಿನೊಳಗೇ ಕೆಲಸ ನಡೆಯಬೇಕು.

ಕೊನೆಯದು ಮೈಮೇಲಿನ ರಕ್ಷಣೆ. ಬಟ್ಟೆಯ ಮುಖಗವಸು ಧೂಳನ್ನು ತಡೆದೀತು, ಆವಿಯನ್ನಲ್ಲ. ಸಾವಯವ ಆವಿಗೆಂದೇ ಮಾಡಿದ, ಸಕ್ರಿಯ ಇದ್ದಿಲು ತುಂಬಿದ ಮುಖಗವಸು ಬೇಕು. ತೊಟ್ಟಿಯೊಳಗೆ ಇಳಿಯುವಾಗ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಸಾಧನವೇ ಆಗಬೇಕು. ಸಾಮಾನ್ಯ ರಬ್ಬರ್ ಕೈಚೀಲದ ಮೂಲಕ ಬೆಂಜೀನ್ ಬೇಗನೆ ಒಳನುಸುಳುತ್ತದೆ; ವೈಟಾನ್‌ನಂಥ ವಿಶೇಷ ವಸ್ತುವಿನದು ಬೇಕು. ಹಲವು ಕಡೆ ಉಳಿದ ಮೂರನ್ನೂ ಬಿಟ್ಟು ಈ ಕೊನೆಯದರಿಂದಲೇ ಆರಂಭಿಸುತ್ತಾರೆ. ಅದು ತಲೆಕೆಳಗಾದ ಕ್ರಮ.

ಬೆಂಕಿಯ ಭಯವೂ ಇದೆ. ಸೊನ್ನೆಗಿಂತ 11 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಅದರ ಆವಿ ಹೊತ್ತಿಕೊಳ್ಳಬಲ್ಲದು. ಸುರಿಯುವಾಗ ಸ್ಥಿರ ವಿದ್ಯುತ್ತಿನ ಕಿಡಿ ಏಳದಂತೆ ಪಾತ್ರೆಗಳಿಗೆ ಭೂಸಂಪರ್ಕ ಕೊಡಬೇಕು. ಚೆಲ್ಲಿದರೆ ಮೊದಲು ಜನರನ್ನು ಹೊರಕಳಿಸಿ, ಹತ್ತಿರದಲ್ಲಿ ಉರಿ, ಕಿಡಿ ಇಲ್ಲದಂತೆ ಮಾಡಬೇಕು. ಬಳಿಕ ರಕ್ಷಣಾ ಸಾಧನ ತೊಟ್ಟ, ತರಬೇತಿ ಪಡೆದವರು ಮರಳಿನಿಂದ ಅದನ್ನು ಹೀರಿಸಿ ಮುಚ್ಚಳದ ಪಾತ್ರೆಗೆ ತುಂಬಬೇಕು. ಮೋರಿಗೆ ಹರಿಯಬಿಡಬಾರದು. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಸಾಬೂನು ನೀರಿನಿಂದ ತೊಳೆಯಬೇಕು. ತಲೆ ಸುತ್ತಿದವರನ್ನು ಶುದ್ಧ ಗಾಳಿಗೆ ತರಬೇಕು. ನುಂಗಿದ್ದರೆ ವಾಂತಿ ಮಾಡಿಸದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಈ ಎಚ್ಚರಿಕೆಗಳಿಗೆ ಕಾನೂನಿನ ಬೆಂಬಲವೂ ಉಂಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1971ರಲ್ಲಿ ಬೆಂಜೀನಿಗೆಂದೇ ಒಂದು ಒಡಂಬಡಿಕೆ ಮಾಡಿತು. ಭಾರತ ಅದನ್ನು 1991ರಲ್ಲಿ ಅನುಮೋದಿಸಿತು. ಅದರಂತೆ ಬೆಂಜೀನ್ ಆವಿಗೆ ಒಡ್ಡುವ ಕೆಲಸಕ್ಕೆ ಗರ್ಭಿಣಿಯರನ್ನೂ ಮೊಲೆಯೂಡಿಸುವ ತಾಯಂದಿರನ್ನೂ ಹಚ್ಚಬಾರದು. 18 ವರ್ಷ ತುಂಬದವರನ್ನೂ ಹಚ್ಚಬಾರದು. ವೈದ್ಯಕೀಯ ಮತ್ತು ತಾಂತ್ರಿಕ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆಯುವವರಿಗೆ ಮಾತ್ರ ವಿನಾಯಿತಿ. ಕೆಲಸಕ್ಕೆ ಸೇರುವ ಮೊದಲೂ ಆಮೇಲೆ ಕಾಲಕಾಲಕ್ಕೂ ರಕ್ತಪರೀಕ್ಷೆ ಆಗಬೇಕು. ರಕ್ತಕಣಗಳ ಎಣಿಕೆ ಕುಸಿಯುತ್ತಿರುವುದು ಬೇಗ ತಿಳಿದರೆ ಕೆಲಸಗಾರನನ್ನು ಅಲ್ಲಿಂದ ಬಿಡಿಸಬಹುದು.

ನಿಮ್ಮ ಮಟ್ಟದಲ್ಲೂ ಮಾಡಬಹುದಾದದ್ದು ಇದೆ. ಪ್ರಯೋಗಾಲಯದ ಸೀಸೆಯ ಚೀಟಿ ಓದಿ. ಬೆಂಜೀನ್ ಎಂದಿದ್ದರೆ ಬದಲಿ ಉಂಟೇ ಎಂದು ಅಧ್ಯಾಪಕರನ್ನು ಕೇಳಿ. ಪಿಪೆಟ್ಟನ್ನು ಬಾಯಿಂದ ಹೀರಬೇಡಿ. ಪೆಟ್ರೋಲಿನಲ್ಲೂ ಬೆಂಜೀನ್ ಇದೆ; 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಜಾರಿಯಾದ ಬಿ.ಎಸ್. 6 ಮಾನಕ ಶೇಕಡಾ 1ರವರೆಗೆ ಅವಕಾಶ ಕೊಟ್ಟಿದೆ. ಆದ್ದರಿಂದ ಗ್ಯಾರೇಜಿನಲ್ಲಿ ಪೆಟ್ರೋಲಿನಿಂದ ಕೈ ತೊಳೆಯುವ ಗೆಳೆಯನಿದ್ದರೆ, ಸಾಬೂನು ಸಾಕು ಎಂದು ಹೇಳಿ.

ಇಸ್ತಾಂಬುಲ್ಲಿನ ಕಥೆಯ ಕೊನೆಯನ್ನು ಇನ್ನೂ ಹೇಳಿಲ್ಲ. 1969ರಿಂದ ಅಲ್ಲಿನ ಅಂಟಿನಲ್ಲಿ ಬೆಂಜೀನ್ ಬಳಕೆ ಕ್ರಮೇಣ ನಿಂತು, ಮತ್ತೆ ಪೆಟ್ರೋಲ್ ಬಂದಿತು. ಕೆಲವು ವರ್ಷಗಳಲ್ಲಿ ರಕ್ತದ ಕ್ಯಾನ್ಸರಿಗೆ ತುತ್ತಾಗುವ ಪಾದರಕ್ಷೆ ಕೆಲಸಗಾರರ ಸಂಖ್ಯೆ ಇಳಿಯಿತು. ಅದೇ ಕಸಬು, ಅದೇ ಊರು. ಬದಲಾದದ್ದು ಡಬ್ಬಿಯೊಳಗಿನ ದ್ರಾವಕ.