ರಿಸ್ಟೋರ್ ಪಾಯಿಂಟ್ ಇತ್ತು, ರಿಸ್ಟೋರ್ ಆಗಲಿಲ್ಲ

ಕಂಪ್ಯೂಟರ್ ಸೈನ್ಸ್ ಓದೋರಿಗೆ ಊರಿಗೆ ಹೋದರೂ ರಜೆ ಇಲ್ಲ. ಯಾರದೋ ಪ್ರಿಂಟರ್, ಇನ್ಯಾರದೋ ವೈಫೈ, "ಒಂಚೂರು ನೋಡು ಮಾರಾಯ" ಅಂತ ಏನಾದರೊಂದು ಕಾದೇ ಇರುತ್ತದೆ. ಹೋದ ಜುಲೈನಲ್ಲಿ ನಾವು ಮೂವರು ಕಳಸದ ಹತ್ತಿರ ನಮ್ಮಲ್ಲೊಬ್ಬನ ಚಿಕ್ಕಪ್ಪನ ಮನೆಗೆ ಹೋಗಿದ್ದು ಬರೀ ಮಳೆ ನೋಡೋಕೆ. ಭದ್ರಾ ನದಿ ಏರಿ ಹೆಬ್ಬಾಳೆ ಸೇತುವೆ ಮುಳುಗಿತ್ತು, ಹೊರನಾಡಿಗೆ ಹೋಗುವ ಆಸೆ ಅಲ್ಲಿಗೇ ಮುಗಿಯಿತು. ಕಾಫಿ ಕುಡಿದು ಕೂತವರ ಮುಂದೆ ಚಿಕ್ಕಪ್ಪ ಒಂದು ಹಳೇ ಲ್ಯಾಪ್‌ಟಾಪ್ ತಂದಿಟ್ಟರು. "ನಾಲ್ಕು ದಿನದಿಂದ ಹೀಗೇ. ರಿಪೇರಿ ಮಾಡ್ತಿದ್ದೀನಿ ಅಂತದೆ, ಮಾಡೋದಿಲ್ಲ."

ವಿಂಡೋಸ್ 10. ಆನ್ ಮಾಡಿದರೆ 'ಆಟೋಮ್ಯಾಟಿಕ್ ರಿಪೇರ್', ಅದು ಮುಗಿದರೆ ಮತ್ತೆ ಅದೇ. ಬ್ಯಾಟರಿ ಸತ್ತು ಎರಡು ವರ್ಷವಾಗಿದೆ. ಅಂದರೆ ಕರೆಂಟ್ ಹೋದ ಕ್ಷಣ ಲ್ಯಾಪ್‌ಟಾಪೂ ಆಫ್. ಮಳೆಗಾಲದಲ್ಲಿ ಆ ಕಡೆ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ, ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಗಿದೆ ಅಂತ ನಮ್ಮ ಲೆಕ್ಕ.

ಅದರೊಳಗೆ ಇದ್ದದ್ದು ಮೂರೇ ಮುಖ್ಯ ಎಕ್ಸೆಲ್ ಫೈಲು. ಒಂದು ಮಳೆ ಲೆಕ್ಕ, ದಿನದಿನದ್ದು, ಇಂಚು-ಸೆಂಟಿನಲ್ಲಿ. ಇನ್ನೊಂದು ಕಾಫಿ, ಮೆಣಸು ಮಾರಿದ ಲೆಕ್ಕ. ಮೂರನೆಯದು ಕೆಲಸದವರ ಅಡ್ವಾನ್ಸ್ ಲೆಕ್ಕ: ಯಾರು ಎಷ್ಟು ಮುಂಗಡ ತಗೊಂಡಿದ್ದಾರೆ, ಎಷ್ಟು ಹಿಡಿದಾಯಿತು, ಬಾಕಿ ಎಷ್ಟು. ಮೊದಲೆರಡು ಹೋದರೆ ಬೇಜಾರು. ಮೂರನೆಯದು ಹೋದರೆ ಜಗಳ, ಅದೂ ಸರಿ ಇದ್ದವನ ಮೇಲೇ ಅನುಮಾನ ಬರುವಂಥ ಜಗಳ.

ನಾವು ಧೈರ್ಯವಾಗಿಯೇ ಇದ್ದೆವು. ಎರಡು ದೀಪಾವಳಿ ಹಿಂದೆ ನಮ್ಮ ಗೆಳೆಯನೇ ಅದಕ್ಕೆ ಸಿಸ್ಟಮ್ ಪ್ರೊಟೆಕ್ಷನ್ ಆನ್ ಮಾಡಿ, ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ವಾರವಾರ ಬ್ಯಾಕಪ್ ಆಗುವಂತೆ ಹಾಕಿಕೊಟ್ಟಿದ್ದ. ರಿಕವರಿ ಮೆನುವಿನಿಂದ ಸಿಸ್ಟಮ್ ರಿಸ್ಟೋರ್ ತೆಗೆದರೆ ಒಂದೇ ಒಂದು ಪಾಯಿಂಟ್ ಕಾಣಿಸಿತು, ಮೇ ತಿಂಗಳದ್ದು, ಹೊಸ ಪ್ರಿಂಟರಿನ ಡ್ರೈವರ್ ಹಾಕಿದ ದಿನದ್ದು. ಅದನ್ನೇ ಒತ್ತಿದೆವು. ಇಪ್ಪತ್ತು ನಿಮಿಷ ತಿರುಗಿ, "ಸಿಸ್ಟಮ್ ರಿಸ್ಟೋರ್ ಯಶಸ್ವಿಯಾಗಲಿಲ್ಲ, ನಿಮ್ಮ ಫೈಲುಗಳು ಬದಲಾಗಿಲ್ಲ" ಅಂತ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿತು. ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲಿ ಅಂದರೆ ಬೀರುವಿನಲ್ಲಿ. "ಏಪ್ರಿಲ್‌ನಲ್ಲಿ ಸಿಡಿಲು ಜೋರಿತ್ತಲ್ಲ, ಎಲ್ಲ ವಯರ್ ಕಿತ್ತಿಟ್ಟೆ." ತಪ್ಪೇನೂ ಅಲ್ಲ, ಮಲೆನಾಡಿನಲ್ಲಿ ಸಿಡಿಲಿಗೆ ವಯರ್ ಕೀಳದವರೇ ಪೆದ್ದರು. ಆದರೆ ವಾಪಸ್ ಚುಚ್ಚಿರಲಿಲ್ಲ. ಅದಕ್ಕೂ ಮೊದಲಿನ ಬ್ಯಾಕಪ್ಪುಗಳೂ ಫೇಲ್ ಆಗಿದ್ದವು. ಆ ಹಳೇ ಬ್ಯಾಕಪ್ ಪ್ರೋಗ್ರಾಂ ತಾನೇ ಇಟ್ಟುಕೊಳ್ಳುವ ವೇಳೆ ಭಾನುವಾರ ಸಂಜೆ 7 ಗಂಟೆ. ಆ ಹೊತ್ತಿಗೆ ಆ ಮನೆಯಲ್ಲಿ ಕರೆಂಟಾದರೂ ಇರುವುದಿಲ್ಲ, ಲ್ಯಾಪ್‌ಟಾಪಾದರೂ ಆನ್ ಇರುವುದಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ಎಚ್ಚರಿಕೆ ಬಂದು ಹೋಗುತ್ತಿತ್ತಂತೆ. "ವೈರಸ್ಸಿನ ಜಾಹೀರಾತು ಅಂದ್ಕೊಂಡೆ" ಅಂದರು ಚಿಕ್ಕಪ್ಪ.

ಈ ರಿಸ್ಟೋರ್ ಪಾಯಿಂಟ್ ಅನ್ನೋದು ಏನು ಅಂತ ಇಲ್ಲೇ ಹೇಳಿಬಿಡುತ್ತೇವೆ, ಯಾಕಂದರೆ ನಮಗೂ ಅವತ್ತಿನವರೆಗೆ ಅರ್ಧಂಬರ್ಧವೇ ಗೊತ್ತಿದ್ದದ್ದು. 2000ದಲ್ಲಿ ವಿಂಡೋಸ್ ಎಂಇ ಜೊತೆ ಇದು ಬಂತು. ವಿಸ್ಟಾದಿಂದ ಈಚೆಗೆ ಇದರ ಕೆಳಗೆ ಕೆಲಸ ಮಾಡುವುದು ವಾಲ್ಯೂಮ್ ಶ್ಯಾಡೋ ಕಾಪಿ ಸರ್ವಿಸ್, ಚಿಕ್ಕದಾಗಿ ವಿಎಸ್‌ಎಸ್. ಅದು ಡಿಸ್ಕನ್ನೆಲ್ಲ ನಕಲು ಮಾಡುವುದಿಲ್ಲ. "ಈ ಗಳಿಗೆ" ಅಂತ ಒಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಯಾವುದಾದರೂ ಬ್ಲಾಕಿನ ಮೇಲೆ ಹೊಸದು ಬರೆಯುವ ಮುಂಚೆ ಅಲ್ಲಿದ್ದ ಹಳೆಯದನ್ನು ಎತ್ತಿ ಪಕ್ಕಕ್ಕಿಡುತ್ತದೆ. ಪಕ್ಕ ಅಂದರೆ ಅದೇ ಡಿಸ್ಕಿನ 'ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಷನ್' ಎಂಬ ಫೋಲ್ಡರಿನಲ್ಲಿ. ಹೀಗಾಗಿ ಡಿಸ್ಕ್ ಕೆಟ್ಟರೆ ರಿಸ್ಟೋರ್ ಪಾಯಿಂಟೂ ಕೆಡುತ್ತದೆ. ಮನೆಯ ಬೀಗದ ಕೈಯನ್ನು ಮನೆಯೊಳಗೇ ಬಿಟ್ಟ ಹಾಗೆ.

ಗುರುತು ಹಾಕುವ ಗಳಿಗೆಯಲ್ಲಿ ಓಡುತ್ತಿರುವ ಪ್ರೋಗ್ರಾಮುಗಳು ಅರ್ಧ ಬರೆದ ಸ್ಥಿತಿಯಲ್ಲಿ ಇರಬಾರದು. ಅದಕ್ಕೆ ವಿಎಸ್‌ಎಸ್‌ನಲ್ಲಿ 'ರೈಟರ್'ಗಳು ಅಂತ ಇವೆ. ನಮ್ಮ ಕಡೆ ಎಸ್ಟೇಟ್ ನೋಡಿದವರಿಗೆ ಈ ಹೆಸರು ಕೇಳಿದರೆ ನಗು ಬರುತ್ತೆ, ತೋಟದಲ್ಲಿ ಹಾಜರಿ ಹಿಡಿಯುವವರೂ ರೈಟರೇ. ಕೆಲಸವೂ ಹೆಚ್ಚುಕಮ್ಮಿ ಅದೇ: "ಎಲ್ಲ ಒಂದ್ನಿಮಿಷ ನಿಲ್ಲಿ, ಲೆಕ್ಕ ತಗೋತೀನಿ." ರೈಟರ್‌ಗಳು ತಮ್ಮ ತಮ್ಮ ಪ್ರೋಗ್ರಾಮನ್ನು ಹೆಚ್ಚೆಂದರೆ 60 ಸೆಕೆಂಡು ತಡೆದು ನಿಲ್ಲಿಸಬಹುದು. ಡಿಸ್ಕಿಗೆ ಬರೆಯುವುದನ್ನೇ ತಡೆಹಿಡಿಯುವ ಕೊನೆಯ ಹಂತಕ್ಕೆ ಸಿಗುವುದು 10 ಸೆಕೆಂಡು ಮಾತ್ರ. ನಿಧಾನದ ಹಾರ್ಡ್ ಡಿಸ್ಕು, ಹಿಂದಿನಿಂದ ಆಂಟಿವೈರಸ್ ಸ್ಕ್ಯಾನು, ಜೊತೆಗೆ ಅಪ್‌ಡೇಟು ಎಲ್ಲ ಒಟ್ಟಿಗೆ ಇದ್ದರೆ ಅಷ್ಟರಲ್ಲಿ ಆಗುವುದಿಲ್ಲ, ಟೈಮ್‌ಔಟ್. ಸಿಸ್ಟಮ್ ಇಮೇಜ್ ಬ್ಯಾಕಪ್ಪಿಗೂ ಇದೇ ವಿಎಸ್‌ಎಸ್ ಬೇಕು. ಆದ್ದರಿಂದ ಎರಡು ಬಗೆಯ ರಕ್ಷಣೆ ಇದೆ ಅಂತ ನಾವು ನಂಬಿಕೊಂಡಿರುವಾಗ ಎರಡೂ ಒಟ್ಟಿಗೇ ನಿಂತುಹೋಗಿರಬಹುದು.

ನೋಡುವುದು ಸುಲಭ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು 'ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್' ಕೊಡಿ (ಸಹಜವಾಗಿ ಇಂಗ್ಲಿಷಿನಲ್ಲಿ, ವಿಎಸ್‌ಎಸ್‌ಅಡ್ಮಿನ್ ಒಂದೇ ಪದ). ಎಲ್ಲದರ ಮುಂದೆ 'ಸ್ಟೇಬಲ್', 'ನೋ ಎರರ್' ಅಂತಿರಬೇಕು. ಯಾವುದಾದರೂ 'ಫೇಲ್ಡ್' ಅಥವಾ 'ಟೈಮ್ಡ್ ಔಟ್' ಅಂದರೆ ಮೊದಲು ರೀಸ್ಟಾರ್ಟ್ ಮಾಡಿ, ಬಹಳ ಸಲ ಅಷ್ಟೇ ಸಾಕು. ಅದೇ ಕಮಾಂಡಿನಲ್ಲಿ ರೈಟರ್ಸ್ ಬದಲು 'ಶ್ಯಾಡೋಸ್ಟೋರೇಜ್' ಅಂದರೆ ಹಳೆಯ ಬ್ಲಾಕುಗಳಿಗೆ ಎಷ್ಟು ಜಾಗ ಕೊಟ್ಟಿದೆ ಅಂತ ಗೊತ್ತಾಗುತ್ತೆ. ಜಾಗ ಕಡಿಮೆ ಇದ್ದರೆ ವಿಂಡೋಸ್ ಏನೂ ಕೇಳದೆ ಹಳೇ ಪಾಯಿಂಟುಗಳನ್ನು ಅಳಿಸುತ್ತದೆ. "ಹೋದ ವಾರ ಇತ್ತು, ಈಗ ಇಲ್ಲ" ಅನ್ನುವವರು ಈವೆಂಟ್ ವ್ಯೂವರ್‌ನಲ್ಲಿ 'ವೋಲ್‌ಸ್ನ್ಯಾಪ್' ಹೆಸರಿನಲ್ಲಿ ಹುಡುಕಿ. 33 ಬಂದಿದ್ದರೆ ಮಿತಿ ದಾಟದಿರಲಿ ಅಂತ ಅತಿ ಹಳೆಯದನ್ನು ತೆಗೆದಿದೆ. 25 ಬಂದಿದ್ದರೆ ಆ ಜಾಗ ಬೇಕಾದ ವೇಗದಲ್ಲಿ ಬೆಳೆಯಲಾಗದೆ ಎಲ್ಲವನ್ನೂ ಕೈಬಿಟ್ಟಿದೆ, ಅಂದರೆ ಡಿಸ್ಕಿನ ಮೇಲೆ ಭಾರ ಜಾಸ್ತಿ. 36 ಅಂದರೆ ನೀವೇ ಇಟ್ಟ ಮಿತಿ ಅಡ್ಡ ಬಂದಿದೆ.

ಅಳಿಸಿಹೋಗುವುದು ಒಂದು ಕಡೆ, ಹುಟ್ಟದೇ ಇರುವುದು ಇನ್ನೊಂದು ಕಡೆ. ವಿಂಡೋಸ್ 10ರಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಎಷ್ಟೋ ಯಂತ್ರಗಳಲ್ಲಿ ಆಫ್ ಆಗಿಯೇ ಬರುತ್ತದೆ, ನಿಮ್ಮದನ್ನು ಇವತ್ತೇ ನೋಡಿಕೊಳ್ಳಿ. ಆನ್ ಇದ್ದರೂ, ತಾನಾಗಿ ಪಾಯಿಂಟ್ ಮಾಡುವ ಕೆಲಸ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದು, ಯಾರೂ ಮುಟ್ಟದೆ ಸುಮ್ಮನಿದ್ದಾಗ ಮಾತ್ರ ನಡೆಯುತ್ತದೆ. ಹಾಸ್ಟೆಲಿನಲ್ಲಿ ಬ್ಯಾಟರಿ ಮೇಲೆ ಓಡಿಸಿ ಮುಚ್ಚಿಡುವವರಿಗೂ, ಕರೆಂಟ್ ಬಂದಾಗ ಓಡಿ ಹೋಗಿ ಲೆಕ್ಕ ಬರೆದು ಕೂಡಲೇ ಆಫ್ ಮಾಡುವ ಚಿಕ್ಕಪ್ಪನಿಗೂ ಆ ಗಳಿಗೆ ಬರುವುದೇ ಇಲ್ಲ. ಮೇ ಆದಮೇಲೆ ಒಂದೂ ಪಾಯಿಂಟ್ ಇಲ್ಲದ್ದಕ್ಕೆ ಕಾರಣ ಇದೇ ಅಂತ ನಮಗನಿಸುತ್ತೆ.

ಇನ್ನು ಎರರ್ ಕೋಡುಗಳು. ಸೊನ್ನೆ-ಎಕ್ಸ್ ಆದಮೇಲೆ 80070422 ಬಂದರೆ ಬೇಕಾದ ಸರ್ವಿಸ್ ಯಾರೋ ಡಿಸೇಬಲ್ ಮಾಡಿದ್ದಾರೆ. 'ಗೇಮಿಂಗಿಗೆ ಸ್ಪೀಡ್' ಮಾಡುವ ಸ್ಕ್ರಿಪ್ಟುಗಳ ಉಪಕಾರ ಇದು, ಹಾಸ್ಟೆಲಿನಲ್ಲಿ ಬೇಕಾದಷ್ಟು ನೋಡಿದ್ದೇವೆ. 80070005 ಅಂದರೆ ಅನುಮತಿ ಸಿಕ್ಕಿಲ್ಲ, ಬಹುತೇಕ ಆಂಟಿವೈರಸ್ ಫೈಲನ್ನು ಹಿಡಿದುಕೊಂಡಿದೆ. ಸೇಫ್ ಮೋಡಿನಿಂದ ರಿಸ್ಟೋರ್ ಮಾಡಿ. 80780119 ಸ್ವಲ್ಪ ಮೋಸದ್ದು. ಇಮೇಜ್ ಬ್ಯಾಕಪ್ ಮಾಡುವಾಗ "ಜಾಗ ಸಾಲದು" ಅನ್ನುತ್ತದೆ, ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ನೋಡಿದರೆ ಬೇಕಾದಷ್ಟು ಖಾಲಿ. ಅದು ಹೇಳುತ್ತಿರುವುದು ನಿಮ್ಮ ಕಣ್ಣಿಗೆ ಕಾಣದ ಪುಟ್ಟ ಸಿಸ್ಟಮ್ ಅಥವಾ ರಿಕವರಿ ಪಾರ್ಟಿಷನ್ ಬಗ್ಗೆ. 500 ಎಂಬಿಗಿಂತ ಚಿಕ್ಕ ಪಾರ್ಟಿಷನ್ ಆದರೆ ಕನಿಷ್ಠ 50 ಎಂಬಿ, ದೊಡ್ಡದಾದರೆ 320 ಎಂಬಿ ಅದರೊಳಗೆ ಖಾಲಿ ಇರಬೇಕು. ಆ ಪಾರ್ಟಿಷನ್ ಹಿಗ್ಗಿಸಬೇಕಾಗುತ್ತೆ, ಹುಷಾರಾಗಿ. ಆ ಹಳೇ ಇಮೇಜ್ ಬ್ಯಾಕಪ್ಪನ್ನು ಮೈಕ್ರೋಸಾಫ್ಟ್ 2017ರಲ್ಲೇ 'ಇನ್ನು ಬೆಳೆಸುವುದಿಲ್ಲ' ಅಂತ ಪಟ್ಟಿಗೆ ಸೇರಿಸಿದೆ, ಹೊಸದಾಗಿ ಅದನ್ನೇ ನೆಚ್ಚಿಕೊಳ್ಳುವುದು ಬೇಡ ಅಂತ ನಮ್ಮ ಅಭಿಪ್ರಾಯ. ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪಾದರೆ ರಿಕವರಿ ಮೆನು 48 ಅಂಕಿಯ ಕೀ ಕೇಳುತ್ತದೆ. ಅದನ್ನು ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿಟ್ಟ ಮಹಾನುಭಾವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ.

ಕಳಸಕ್ಕೆ ವಾಪಸ್. ರಿಸ್ಟೋರ್ ಫೇಲ್ ಆದಾಗ ನಮ್ಮಲ್ಲೊಬ್ಬ ಚೆಕ್‌ಡಿಸ್ಕ್ ಓಡಿಸಲು ಹೊರಟಿದ್ದ. ಇನ್ನೊಬ್ಬ ಕೈ ಹಿಡಿದ. ಅವತ್ತು ನಾವು ಮಾಡಿದ ಒಂದೇ ಜಾಣ ಕೆಲಸ ಅದು. ಚೆಕ್‌ಡಿಸ್ಕ್ ಫೈಲ್ ಸಿಸ್ಟಮನ್ನು ಸರಿಮಾಡುತ್ತದೆ, ನಿಮ್ಮ ಫೈಲನ್ನಲ್ಲ. ಡಿಸ್ಕೇ ಹಾಳಾಗುತ್ತಿದ್ದರೆ ಆ ಓಟವೇ ಅದಕ್ಕೆ ಕೊನೆಯ ಓಟ ಆಗಬಹುದು. ಉಬುಂಟು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಸ್ಮಾರ್ಟ್ ರಿಪೋರ್ಟ್ ನೋಡಿದೆವು. 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸಾಲಿನಲ್ಲಿ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಓದಲಾಗದ ಸ್ಥಿತಿಗೆ ಬಂದ ಸೆಕ್ಟರುಗಳು. ರಿಸ್ಟೋರ್ ನಿಂತದ್ದು ಯಾಕೆ ಅಂತಲೂ ಅಲ್ಲಿಗೆ ಗೊತ್ತಾಯಿತು.

ಮೊದಲು ನಕಲು, ಆಮೇಲೆ ರಿಪೇರಿ. ಮಳೆ ಲೆಕ್ಕ ಬಂತು. ಮಾರಾಟದ ಲೆಕ್ಕ ಬಂತು, ತೆರೆದರೆ ಪಾರ್ಟಿಗಳ ಹೆಸರೆಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಹೋಯ್ತಲ್ಲ ಅಂದುಕೊಂಡೆವು, ಹೋಗಿರಲಿಲ್ಲ. ಅದು ನುಡಿಯ ಹಳೇ ಫಾಂಟಿನಲ್ಲಿ ಬರೆದದ್ದು, ನಮ್ಮ ಉಬುಂಟುವಿನಲ್ಲಿ ಆ ಫಾಂಟ್ ಇಲ್ಲ ಅಷ್ಟೇ. ಯೂನಿಕೋಡಿಗೆ ಬದಲಾಯಿಸದ ಕನ್ನಡ ಫೈಲುಗಳ ಬ್ಯಾಕಪ್ ಅಂದರೆ ಫಾಂಟಿನ ಬ್ಯಾಕಪ್ಪೂ ಹೌದು. ಕನ್ನಡ ತಂತ್ರಾಂಶಕ್ಕಾಗಿ ಅಷ್ಟು ತಲೆಕೆಡಿಸಿಕೊಂಡ ತೇಜಸ್ವಿಯವರ ಮೂಡಿಗೆರೆ ಪಕ್ಕದಲ್ಲೇ ಕೂತು ಇದನ್ನು ಕಲಿತೆವು.

ಅಡ್ವಾನ್ಸ್ ಲೆಕ್ಕ ಮಾತ್ರ ಬರಲಿಲ್ಲ. ಇನ್‌ಪುಟ್-ಔಟ್‌ಪುಟ್ ಎರರ್. ಡಿಡಿರೆಸ್ಕ್ಯೂ ಹಾಕಿ ರಾತ್ರಿಯೆಲ್ಲ ಕಾದು ಸಿಕ್ಕಷ್ಟು ಎತ್ತಿದೆವು. ಎಕ್ಸೆಲ್ ಫೈಲು ಒಳಗೆ ಒಂದು ಜಿಪ್, ನಡುವೆ ತೂತು ಬಿದ್ದರೆ ಬಿಚ್ಚಿಕೊಳ್ಳುವುದಿಲ್ಲ. ಮೇ ತಿಂಗಳ ಪಾಯಿಂಟಿನೊಳಗೆ ಅದರ ಹಳೇ ಪ್ರತಿ ಇರಬಹುದು ಅಂತ ಆಸೆ ಇತ್ತು. ವಿಂಡೋಸ್ 7 ಕಾಲದ ಸಲಹೆಗಳೆಲ್ಲ ಹಾಗೇ ಹೇಳುತ್ತವೆ. ಆದರೆ ವಿಂಡೋಸ್ 8ರಿಂದ ರಿಸ್ಟೋರ್ ಪಾಯಿಂಟಿನ ಶ್ಯಾಡೋ ತನಗೆ ಬೇಕಾದ ಸಿಸ್ಟಮ್ ಫೈಲುಗಳನ್ನಷ್ಟೇ ಕಾಯುತ್ತದೆ. ನಿಮ್ಮ ಡಾಕ್ಯುಮೆಂಟು ಅದರ ಲೆಕ್ಕಕ್ಕಿಲ್ಲ. ಅಂದರೆ ಆ ರಿಸ್ಟೋರ್ ಸರಿಯಾಗಿ ಆಗಿದ್ದರೂ ಈ ಫೈಲು ವಾಪಸ್ ಬರುತ್ತಿರಲಿಲ್ಲ.

ಬೆಳಿಗ್ಗೆ ಈ ಸುದ್ದಿ ಹೇಳಿದಾಗ ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಹೊರಗೆ ಹೋಗಿ ಮಳೆ ಮಾಪಕದ ನೀರು ಅಳೆದು, ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದು ಬಂದರು. ಮಳೆ ಲೆಕ್ಕ ಮೊದಲು ಪುಸ್ತಕಕ್ಕೆ, ಆಮೇಲೆ ಎಕ್ಸೆಲ್‌ಗೆ ಅಂತ ಅವರ ರೂಢಿ. ಅಡ್ವಾನ್ಸಿಗೆ ಮಾತ್ರ ಪುಸ್ತಕ ನಿಲ್ಲಿಸಿದ್ದರು, ನಾವೇ "ಕಂಪ್ಯೂಟರಲ್ಲಿ ಇದೆಯಲ್ಲ" ಅಂದಿದ್ದಕ್ಕೆ.

ಫೈಲು ಸಿಕ್ಕಿದ್ದು ರೈಟರ್ ಹತ್ತಿರ. ವಿಎಸ್‌ಎಸ್‌ನದಲ್ಲ, ತೋಟದ ರೈಟರ್. ಹಾಜರಿ ಹಾಕಲು ಬಂದವರು ವಿಷಯ ಕೇಳಿ, "ಜೂನ್ ಮೊದಲ್ನೇ ವಾರ ನೀವೇ ಕಳ್ಸಿದ್ರಲ್ಲ, ಸಂಬಳದ ದಿನ" ಅಂತ ಫೋನ್ ತೆಗೆದರು. ವಾಟ್ಸಾಪಿನಲ್ಲಿ ಇಡೀ ಫೈಲು. ಅಲ್ಲಿಂದ ಈಚೆಗಿನ ಐದೂವರೆ ವಾರದ್ದು ಉಳಿಯಿತು. ಅದಕ್ಕೆ ಕೆಲಸದವರನ್ನೇ ಒಬ್ಬೊಬ್ಬರಾಗಿ ಕೇಳಿ ಬರೆಯುವುದು ಅಂತಾಯಿತು. ಆ ಸಂಜೆ ಮಳೆ ಬಿಟ್ಟ ಹೊತ್ತಿಗೆ ಎಲ್ಲರೂ ಕಣದ ಪಕ್ಕದ ಶೆಡ್ಡಿಗೆ ಬಂದರು. ನಮ್ಮ ಗೆಳೆಯ ಟೈಪ್ ಮಾಡುತ್ತಿದ್ದ. ಒಬ್ಬ ಅಜ್ಜಿ ತಾನು ತಗೊಂಡದ್ದು ಎರಡು ಸಾವಿರ ಅಂದರು. ಚಿಕ್ಕಪ್ಪನ ನೆನಪಿನಲ್ಲಿ ಸಾವಿರದೈನೂರೇ ಇತ್ತು. "ಇಲ್ಲ, ಮೊಮ್ಮಗಳ ಶಾಲೆಗೆ ಅಂತ ಐನೂರು ಆಮೇಲೆ ಕೊಟ್ರಿ, ನೀವು ಮರ್ತಿದ್ದೀರಿ" ಅಂತ ಅವರೇ ಹೆಚ್ಚು ಬರೆಸಿ ಹೋದರು.

ಹೊರಡುವ ಮುಂಚೆ ಹಳೇ ಹಾರ್ಡ್ ಡಿಸ್ಕ್ ತೆಗೆದು, ಮೂಡಿಗೆರೆಯಿಂದ ತರಿಸಿದ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿದೆವು, ಬ್ಯಾಟರಿಯನ್ನೂ ಬದಲಾಯಿಸಿದೆವು. ರಿಸ್ಟೋರ್ ಪಾಯಿಂಟ್ ಆನ್ ಇದೆ, ಡ್ರೈವರ್ ಕೆಟ್ಟರೆ ಅಷ್ಟಕ್ಕೆ ಬೇಕು. ಫೈಲುಗಳಿಗೆ ಬೇರೆಯೇ ಏರ್ಪಾಡು: ಬೆಳಿಗ್ಗೆ ಹತ್ತು ಗಂಟೆಗೆ, ಕರೆಂಟ್ ಇಲ್ಲದಿದ್ದರೆ ಬಂದ ಕೂಡಲೇ, ಫೋಲ್ಡರನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡುವ ಒಂದು ಸಣ್ಣ ಸ್ಕ್ರಿಪ್ಟ್. ಸಂಬಳದ ದಿನ ರೈಟರಿಗೆ ವಾಟ್ಸಾಪ್ ಹೇಗೂ ಹೋಗುತ್ತದೆ, ಈಗ ಗೆಳೆಯನಿಗೂ ಒಂದು ಪ್ರತಿ ಬರುತ್ತದೆ. ತಿಂಗಳಿಗೊಮ್ಮೆ ಅವನು ಅದನ್ನು ಹಾಸ್ಟೆಲಿನಲ್ಲಿ ನಿಜಕ್ಕೂ ತೆರೆದು ನೋಡಿ, ಕೊನೆಯ ಸಾಲಿನ ಹೆಸರು ಏನಿದೆ ಅಂತ ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಬೇಕು. ಆಗಸ್ಟಿನದ್ದು ಆಯಿತು. ಸೆಪ್ಟೆಂಬರಿನದ್ದು ಇಂಟರ್ನಲ್ಸ್ ನೆಪದಲ್ಲಿ ಎರಡು ದಿನ ತಡವಾಗಿ, ಚಿಕ್ಕಪ್ಪನೇ ಫೋನ್ ಮಾಡಿ ಬೈದರು.