ಸದ್ದಿಲ್ಲದೆ ಫೋನ್ ಮಾಡುತ್ತಿದ್ದ ಕಾರ್ಡ್

ಡಯಲ್-ಅಪ್ ಇಂಟರ್ನೆಟ್ ಅಂದ್ರೆ ಮೋಡೆಮ್‌ನ ಆ ಕರ್ಕಶ ಸದ್ದೇ ಮೊದಲು ನೆನಪಾಗುತ್ತೆ, ಅಲ್ವಾ? ಆದರೆ 1990ರ ದಶಕದ ಜರ್ಮನಿಯಲ್ಲಿ ಸದ್ದೇ ಇಲ್ಲದೆ, ಒಂದೆರಡು ಸೆಕೆಂಡಿನಲ್ಲಿ ಕನೆಕ್ಟ್ ಆಗುವ ಕಂಪ್ಯೂಟರ್‌ಗಳೂ ಇದ್ದವು. ಅದಕ್ಕೆ ಕಾರಣ ಒಳಗೆ ಸಿಕ್ಕಿಸಿದ್ದ ಐಎಸ್‌ಡಿಎನ್ ಕಾರ್ಡ್.

ಮೋಡೆಮ್ ನಮ್ಮ ಡೇಟಾವನ್ನು ಸದ್ದಾಗಿ ಬದಲಿಸಿ ಫೋನ್ ತಂತಿಗೆ ಬಿಡುತ್ತಿತ್ತು. ಐಎಸ್‌ಡಿಎನ್‌ನಲ್ಲಿ ತಂತಿಯೇ ಡಿಜಿಟಲ್, ಹಾಗಾಗಿ ಆ ಕೆಲಸವೇ ಇಲ್ಲ. ಮನೆಗೆ ಬರುವ ಒಂದು ಲೈನಿನಲ್ಲಿ 64 ಕಿಲೋಬಿಟ್ ವೇಗದ ಎರಡು ಚಾನೆಲ್. ಒಂದರಲ್ಲಿ ಅಮ್ಮ ಮಾತಾಡ್ತಿದ್ರೂ ಇನ್ನೊಂದರಲ್ಲಿ ಮಗ ಇಂಟರ್ನೆಟ್ ನೋಡಬಹುದು. ಕರೆ ಹಚ್ಚೋದು, ಕಟ್ ಮಾಡೋದು ಇಂಥವಕ್ಕೆ 16 ಕಿಲೋಬಿಟ್‌ನ ಬೇರೆಯೇ ಚಾನೆಲ್.

ಕಾರ್ಡ್‌ಗಳಲ್ಲಿ ಎರಡು ಜಾತಿ. ಬರ್ಲಿನ್‌ನ ಎವಿಎಂ ಕಂಪನಿಯ ಬಿ1 ಥರದ 'ಆಕ್ಟಿವ್' ಕಾರ್ಡ್‌ಗೆ ಸ್ವಂತ ಪ್ರೊಸೆಸರ್, ಸ್ವಂತ ಮೆಮೊರಿ, ಬೆಲೆಯೂ ಜಾಸ್ತಿ. 'ಪ್ಯಾಸಿವ್' ಕಾರ್ಡ್‌ನಲ್ಲಿ ಲೈನ್ ನೋಡಿಕೊಳ್ಳುವ ಚಿಪ್‌ಗಳಷ್ಟೇ, ಉಳಿದ ದುಡಿಮೆಯೆಲ್ಲ ಪಿಸಿಯದ್ದು. ಪಿಸಿಗಳು ಚುರುಕಾದಂತೆ ಅಗ್ಗದ ಪ್ಯಾಸಿವ್ ಕಾರ್ಡೇ ಮನೆಮನೆ ಸೇರಿತು. ಎವಿಎಂ 1995ರಲ್ಲಿ ತಂದ ಫ್ರಿಟ್ಸ್ ಕಾರ್ಡ್ ಈ ಜಾತಿಯದ್ದು. ನನಗೆ ಇನ್ನೂ ಇಷ್ಟವಾಗೋದು 'ಕ್ಯಾಪಿ' ಅನ್ನೋ ಇಂಟರ್‌ಫೇಸ್. ಒಳಗೆ ಯಾವ ಕಂಪನಿಯ ಕಾರ್ಡ್ ಇದ್ದರೂ ಫ್ಯಾಕ್ಸ್ ಸಾಫ್ಟ್‌ವೇರ್‌ಗೆ ಅದರ ಚಿಂತೆ ಬೇಡ. (ಸೌಂಡ್ ಕಾರ್ಡ್ ಜೊತೆ ಐಆರ್‌ಕ್ಯೂ ಜಗಳ ಮಾತ್ರ ಇದ್ದೇ ಇರ್ತಿತ್ತು!)

ಆದರೆ ಆ ಮೌನವೇ ಕೆಲವೊಮ್ಮೆ ದುಬಾರಿಯಾಗುತ್ತಿತ್ತು. 1996ರಲ್ಲಿ ಬಂದ ಲಿನಕ್ಸ್ 2.0 ಕರ್ನಲ್‌ನಲ್ಲಿ ಐಎಸ್‌ಡಿಎನ್ ಸೌಲಭ್ಯ ಸೇರಿಕೊಂಡಿತ್ತು. ಹೊರಗೆ ಹೋಗಬೇಕಾದ ಒಂದು ಪ್ಯಾಕೆಟ್ ಬಂದರೆ ಸಾಕು, ಅದು ತಾನೇ ಡಯಲ್ ಮಾಡುವಂತೆ ಸೆಟ್ ಮಾಡಬಹುದಿತ್ತು. ಅನುಕೂಲವೇನೋ ಸರಿ. ಆದರೆ ಆ ಪ್ಯಾಕೆಟ್ ಕಳಿಸಿದ್ದು ನೀವಾ, ಹಿನ್ನೆಲೆಯಲ್ಲಿ ಓಡ್ತಿರೋ ಯಾವುದೋ ಪ್ರೋಗ್ರಾಮಾ ಅಂತ ಕಾರ್ಡ್‌ಗೇನು ಗೊತ್ತು? ಆ ವರ್ಷ ಡಾಯ್ಚ ಟೆಲಿಕಾಮ್‌ನ ಒಂದು ಯೂನಿಟ್‌ಗೆ 12 ಫೆನಿಗ್. ಐದು ಸೆಕೆಂಡಿನ ಕರೆಗೂ ಪೂರ್ತಿ ಯೂನಿಟ್. ಹತ್ತು ನಿಮಿಷಕ್ಕೊಮ್ಮೆ ಮೇಲ್ ನೋಡುವ ಪ್ರೋಗ್ರಾಂ ದಿನಕ್ಕೆ 144 ಕರೆ ಮಾಡುತ್ತೆ. ಅಂದ್ರೆ 17 ಮಾರ್ಕ್ 28 ಫೆನಿಗ್. ತಿಂಗಳಿಗೆ 500 ಮಾರ್ಕ್ ದಾಟ್ತು! ವೇಗಕ್ಕಾಗಿ ಎರಡೂ ಚಾನೆಲ್ ಜೋಡಿಸಿ 128 ಕಿಲೋಬಿಟ್ ಮಾಡಿಕೊಂಡಿದ್ದರೆ ಎರಡು ಕರೆಯ ಲೆಕ್ಕ.

ಮೋಡೆಮ್ ಆಗಿದ್ದರೆ ನಡುರಾತ್ರಿ ಕಿರುಚಿ ಮನೆಯವರನ್ನೆಲ್ಲ ಎಬ್ಬಿಸುತ್ತಿತ್ತು. ಇಲ್ಲಿ ಸುಳಿವು ಸಿಗುತ್ತಿದ್ದದ್ದು ಲಾಗ್ ಫೈಲಿನಲ್ಲಿ, ಇಲ್ಲವೇ ತಿಂಗಳ ಕೊನೆಗೆ ಬರುವ ಬಿಲ್ಲಿನಲ್ಲಿ.